ಹುಳುಮನೆ ಪಕ್ಕದ ಸ್ಟುಡಿಯೋ

ಆಡಿಯೋ ಪುಸ್ತಕ ಮಾಡುವ ಬೆಂಗಳೂರಿನ ಒಂದು ಕಂಪನಿಯವರು ನಾನು ಓದಿ ಕಳಿಸಿದ ಒಂದು ಪುಟ ಕಥೆಯನ್ನು ಕೇಳಿ ಎರಡು ತಕರಾರು ಬರೆದರು. ಮೊದಲನೆಯದು, ಹಿಂದೆ ಮಳೆಯ ಸದ್ದಿದೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಓದಿ. ಎರಡನೆಯದು, ಮಾತಿನಲ್ಲಿ ಆ ಕಡೆಯ ಎಳೆತವಿದೆ, ತಿದ್ದಿಕೊಳ್ಳಿ. ಶನಿವಾರ ಸಂಜೆಯೊಳಗೆ ಬಂದರೆ ಪರಿಗಣಿಸುತ್ತೇವೆ ಎಂದು ಕೊನೆಯಲ್ಲಿ ಒಂದು ಕೈಮುಗಿದ ಗೊಂಬೆಯನ್ನೂ ಹಾಕಿದ್ದರು.

ಮಳೆ! ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಸಾದಲಿಯ ಹತ್ತಿರ. ಅಲ್ಲಿ ನಾಲ್ಕು ಹನಿ ಬಿದ್ದರೆ ಜನ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ. ಅದೂ ಪಿಯುಸಿ ಪರೀಕ್ಷೆ ಮುಗಿಸಿ ನಾನು ಮನೆಯಲ್ಲಿ ಕೂತಿದ್ದ ಬೇಸಿಗೆ. ಬಿಸಿಲು ಹೇಗಿತ್ತೆಂದರೆ ನಮ್ಮ ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ನೇರವಾಗಿ ಇಡುತ್ತವೇನೋ ಎಂದು ನಾನು ದಿನಾ ಗೂಡು ನೋಡುತ್ತಿದ್ದೆ.

ಪತ್ರ ಓದಿದ ಕೂಡಲೇ ನಾನು ತೀರ್ಮಾನ ಮಾಡಿಬಿಟ್ಟೆ. ಮೊದಲನೆಯದು ಮೈಕಿನ ಕಾಯಿಲೆ, ಅದನ್ನು ವಾಸಿ ಮಾಡುತ್ತೇನೆ. ಎರಡನೆಯದು ನನ್ನ ನಾಲಿಗೆ. ಅದಕ್ಕೆ ಯಾವ ಸ್ಕ್ರೂಡ್ರೈವರೂ ತಾಗಕೂಡದು. ನನ್ನ ದನಿಯ ಬಗ್ಗೆ ನನಗೆ ಯಾವತ್ತೂ ಸಂಶಯ ಇರಲಿಲ್ಲ. ಪ್ರೈಮರಿಯಲ್ಲಿ ನಾನು ಪ್ರಾರ್ಥನೆ ಹೇಳಿಕೊಡುತ್ತಿದ್ದಾಗ ಪಕ್ಕದ ಊರಿನ ಶಾಲೆಯ ಮಕ್ಕಳೂ ಎದ್ದು ನಿಲ್ಲುತ್ತಿದ್ದರು.

ಮೈಕು ನನ್ನದಲ್ಲ, ಮಾವನದು. ಅಮ್ಮನ ತಮ್ಮ. ಚಿಂತಾಮಣಿಯಲ್ಲಿ ಸೌಂಡ್ ಸಿಸ್ಟಂ ಅಂಗಡಿ ಇಟ್ಟಿದ್ದಾನೆ. ಮದುವೆ, ನಾಮಕರಣ, ಆಟೋದಲ್ಲಿ ಊರೂರು ಸುತ್ತುವ ಸೀರೆ ಸೇಲಿನ ಅನೌನ್ಸ್‌ಮೆಂಟು, ಎಲ್ಲಕ್ಕೂ ಅವನೇ. ಯಾರೋ ಬೇಡವೆಂದು ಬಿಟ್ಟುಹೋದ ಒಂದು ಸ್ಟುಡಿಯೋ ಮೈಕನ್ನೂ, ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಒಂದು ಪುಟ್ಟ ಡಬ್ಬಿಯನ್ನೂ ನನಗೆ ಕೊಟ್ಟಿದ್ದ. ಪುಕ್ಕಟೆಯಾಗಿ ಅಲ್ಲ. ಷರತ್ತಿತ್ತು. ಪತ್ರದ ವಿಷಯ ಫೋನಿನಲ್ಲಿ ಹೇಳಿದಾಗ ಅದನ್ನು ಮತ್ತೆ ನೆನಪಿಸಿದ.

"ಮಾವ, ನಮ್ಮನೇಲಿ ಮಳೆ ಬರ್ತಿದೆಯಂತೆ."

"ಎಲ್ಲಮ್ಮಾ ಮಳೆ? ಇಲ್ಲಿ ಟಾರು ಕರಗಿ ನನ್ ಚಪ್ಲಿ ರೋಡಲ್ಲೇ ನಿಂತ್ಕೊಂಡಿದೆ."

"ರೆಕಾರ್ಡಿಂಗಲ್ಲಿ ಬರ್ತಿದೆಯಂತೆ."

"ನಾನೇನ್ ಹೇಳಿದ್ದೆ? ಮನೇಲಿ ಕೂತು ಮಾಡೋ ಕೆಲ್ಸ ಅಲ್ಲ ಇದು. ಶನಿವಾರದೊಳಗೆ ಕ್ಲೀನಾಗಿ ಬರ್ಲಿಲ್ಲ ಅಂದ್ರೆ ಮೈಕ್ ವಾಪಸ್. ಆಮೇಲೆ ಬಂದು ನಮ್ ಅಂಗ್ಡೀಲಿ ಸೀರೆ ಅನೌನ್ಸ್‌ಮೆಂಟ್ ಓದು. ಅದಕ್ಕೆ ನಿನ್ ದನಿ ಸೂಪರ್ ಕಣಮ್ಮ, ಒಂದು ಕಿಲೋಮೀಟರ್ ಹೋಗುತ್ತೆ."

"ಸೀರೆ ಓದಲ್ಲ ನಾನು."

"ಸರಿ, ಟೊಮೇಟೊ ಸಸಿ ಓದು."

ಫೋನು ಇಟ್ಟೆ. ನನ್ನ ಇಡೀ ಭವಿಷ್ಯ ಆಟೋ ಮೇಲೆ ಕಟ್ಟಿದ ಕೊಳವೆಯಂಥ ಸ್ಪೀಕರಿನಲ್ಲಿ "ಬನ್ನಿ ಬನ್ನಿ" ಎನ್ನುತ್ತಾ ಗೌರಿಬಿದನೂರು ರಸ್ತೆಯಲ್ಲಿ ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಆಗುವುದಿಲ್ಲ ಎಂದು ಗೋಡೆಗೆ ಹೇಳಿದೆ.

ನಿಜ ಹೇಳಬೇಕೆಂದರೆ ಆ ಮೊದಲ ಒಂದು ಪುಟ ಕಳಿಸುವಷ್ಟರಲ್ಲೇ ನಾನು ಎರಡು ಯುದ್ಧ ಗೆದ್ದಿದ್ದೆ. ಮೈಕು ಬಂದ ದಿನ ಅದರಿಂದ ಉಸಿರೇ ಇಲ್ಲ. ವೈರು ಬದಲಾಯಿಸಿದೆ, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ, ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕಿದೆ, ಕೊನೆಗೆ ಮೈಕಿಗೆ ಕುಂಕುಮವನ್ನೂ ಇಟ್ಟೆ. ಡಬ್ಬಿಯ ಮೇಲೆ 48 ಎಂದು ಬರೆದಿದ್ದ ಒಂದು ಗುಂಡಿ ಆ ಹೊತ್ತೆಲ್ಲಾ ನನ್ನನ್ನೇ ನೋಡುತ್ತಾ ಕೂತಿತ್ತು. ಈ ಜಾತಿಯ ಮೈಕಿಗೆ ಡಬ್ಬಿಯಿಂದಲೇ ಕರೆಂಟು ಹೋಗಬೇಕು, ಆ ಗುಂಡಿ ಒತ್ತದಿದ್ದರೆ ಅದು ಬರೀ ಕಬ್ಬಿಣ. ಒತ್ತಿದೆ. ಜೀವ ಬಂತು. ಆದರೆ ನನ್ನ ದನಿ ಬಾವಿಯ ತಳದಿಂದ ಬರುತ್ತಿತ್ತು. ಸಭೆಗಳಲ್ಲಿ ಭಾಷಣದವರು ಐಸ್‌ಕ್ರೀಂ ಹಿಡಿದ ಹಾಗೆ ಮೈಕಿನ ತಲೆಗೆ ಬಾಯಿಟ್ಟು ಮಾತಾಡುವುದನ್ನು ನೋಡಿ ಬೆಳೆದವಳು ನಾನು. ಇದರ ಮುಖ ತಲೆಯಲ್ಲಿಲ್ಲ, ಹೊಟ್ಟೆಯ ಕಡೆ ಇದೆ ಎಂದು ಯಾರಿಗೆ ಗೊತ್ತು? ಹೊಟ್ಟೆಗೆ ಮಾತಾಡೋಣವೆಂದು ಹಿಡಿದರೆ ನನ್ನ ಕಡೆಗಿದ್ದದ್ದು ಅದರ ಬೆನ್ನು. ಹೀಗೆ ಆ ಬಡಪಾಯಿಗೆ ನಾನು ಎಷ್ಟೋ ದಿನ ಬೆನ್ನ ಹಿಂದೆಯೇ ಕಥೆ ಹೇಳಿದ್ದೆ. ಆಮೇಲೇ ಸರಿಯಾಗಿ ತಿರುಗಿಸಿ, ಓದಿ, ಕಳಿಸಿದ್ದು.

ಇಷ್ಟೆಲ್ಲಾ ಗೆದ್ದವಳಿಗೆ ಮಳೆ ಯಾವ ಲೆಕ್ಕ? ಹೆಡ್‌ಫೋನ್ ಹಾಕಿಕೊಂಡು ನನ್ನ ರೆಕಾರ್ಡಿಂಗನ್ನು ಶತ್ರುವಿನ ಕಿವಿಯಿಂದ ಕೇಳಿದೆ. ಕೇಳಿದರೆ ಒಂದಲ್ಲ, ನಾಲ್ಕು ರೋಗ. ಒಂದು 'ಗುಂಯ್' ಎನ್ನುವ ಹಮ್ಮು. 'ಪ' ಬಂದಾಗಲೆಲ್ಲಾ ಯಾರೋ ಮೈಕಿನ ಕೆನ್ನೆಗೆ ಹೊಡೆದ ಹಾಗೆ 'ಧಪ್'. ಕೋಣೆಯ ಗೋಡೆಗಳು ನಾನು ಹೇಳಿದ್ದನ್ನೆಲ್ಲಾ ಮತ್ತೊಮ್ಮೆ ಹೇಳುತ್ತಿದ್ದವು. ಇವೆಲ್ಲದರ ಹಿಂದೆ, ಹೌದು, ಮಳೆ. ತೆಂಗಿನ ಗರಿಯ ಮೇಲೆ ಬೀಳುವ ಸಣ್ಣ ಜಡಿ ಮಳೆಯಂತೆ, ಬಿಡುವೇ ಇಲ್ಲದೆ.

ಹಮ್ಮನ್ನು ಮೊದಲು ಹಿಡಿದೆ. ಫ್ರಿಜ್ ಆಫ್ ಮಾಡಿದೆ, ಹಮ್ಮು ಹೋಗಲಿಲ್ಲ, ಹಾಲು ಹೋಯಿತು. ಫ್ಯಾನು, ಟ್ಯೂಬ್‌ಲೈಟು, ಇನ್ವರ್ಟರ್ ಒಂದೊಂದಾಗಿ ಆರಿಸಿದೆ. ಅಪ್ಪ ಕತ್ತಲಲ್ಲಿ ಬೆವರು ಒರೆಸಿಕೊಳ್ಳುತ್ತಾ, "ಇದೇನಮ್ಮ, ಬೆಸ್ಕಾಂನೋರಿಗಿಂತ ನೀನೇ ಮೇಲಾದೆ" ಎಂದರು. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಹಮ್ಮು ಕತ್ತರಿಸಿದ ಹಾಗೆ ನಿಂತಿತು. ಹೋಗಿ ನೋಡಿದರೆ, ಸೋರುವ ಕರೆಂಟನ್ನು ನೆಲಕ್ಕಿಳಿಸಬೇಕಾದ ಮನೆಯ ಹಿಂದಿನ ಅರ್ಥಿಂಗ್ ಗುಂಡಿ ಒಣಗಿ ಬಿರಿದಿತ್ತು. ಎರಡು ಕೊಡ ನೀರು ಸುರಿದ ಮೇಲೆ ಚಾರ್ಜರ್ ಹಾಕಿದರೂ ಹಮ್ಮಿಲ್ಲ. ಆ ಗುಂಡಿಗೆ ನಾನು ಹಾಕಿದ ನೀರನ್ನು ನೋಡಿ ಅಮ್ಮನ ಕರಿಬೇವಿನ ಗಿಡ ಹೊಟ್ಟೆಕಿಚ್ಚಿನಿಂದ ಎಲೆ ಉದುರಿಸಿತು.

'ಪ'ಗೆ ಹಿಟ್ಟಿನ ಜರಡಿ. ಅಪ್ಪನ ಹಳೇ ಪಂಚೆಯ ತುಂಡೊಂದನ್ನು ಜರಡಿಗೆ ಬಿಗಿದು ಬಾಯಿಗೂ ಮೈಕಿಗೂ ನಡುವೆ ನಿಲ್ಲಿಸಿದೆ. ಗೋಡೆಗಳ ಬಾಯಿ ಮುಚ್ಚಿಸಲು ಕಂಬಳಿ, ದುಪ್ಪಟಿ, ಸೊಪ್ಪು ತರುವ ಗೋಣಿತಾಟು, ನನ್ನ ಯೂನಿಫಾರ್ಮಿನ ಸ್ವೆಟರ್ ಎಲ್ಲವನ್ನೂ ಹಗ್ಗದ ಮೇಲೆ ನೇತುಹಾಕಿದೆ. ಒಳಗೆ ಕೂತರೆ ಏಪ್ರಿಲ್ಲಿನಲ್ಲಿ ಇಡ್ಲಿ ಪಾತ್ರೆಯಲ್ಲಿ ಕೂತ ಹಾಗೆ. ಒಂದು ಪುಟ ಓದಿ ಹೊರಬಂದರೆ ನಾನು ಮೆತ್ತಗೆ ಉಬ್ಬಿರುತ್ತಿದ್ದೆ.

ಮೂರು ರೋಗ ವಾಸಿಯಾದವು. ಮಳೆ ಮಾತ್ರ ನಿಲ್ಲಲಿಲ್ಲ. ಡಬ್ಬಿಯ ಗೇನ್ ತಿರುಗಣೆ ಇಳಿಸಿದರೆ ಮಳೆಯ ಜೊತೆ ನನ್ನ ದನಿಯೂ ಇಳಿಯಿತು. ಏರಿಸಿದರೆ ಕೆಂಪು ದೀಪ ಉರಿದು ನನ್ನ ದನಿ ಹರಿದ ತಗಡಾಯಿತು, ಮಳೆ ಜಡಿಯಿಂದ ಬಿರುಮಳೆಯಾಯಿತು. ವೈರು ಬದಲಿಸಿದೆ. ಅದೇ ಮಳೆ. ಬುಧವಾರ ಶಿಡ್ಲಘಟ್ಟಕ್ಕೆ ಹೋಗಿ ಇನ್ನೊಂದು ಹೊಸ ವೈರು ತಂದು, ಮಧ್ಯಾಹ್ನ ಸಿಕ್ಕಿಸಿದೆ. ಹೆಡ್‌ಫೋನ್ ಹಾಕಿದೆ. ನಿಶ್ಶಬ್ದ.

ಎಂಥ ನಿಶ್ಶಬ್ದ ಅಂತೀರಿ! ನನ್ನ ರೆಪ್ಪೆ ಬಡಿಯುವ ಸದ್ದು ಕೇಳಿಸಿತು ಎಂದರೆ ನಂಬುವುದಿಲ್ಲ, ಆದರೂ ಹೇಳುತ್ತೇನೆ. ನಾಲ್ಕು ಸಾಲು ಓದಿ ಕೇಳಿದೆ. ಬೆಣ್ಣೆ. ಬುದ್ಧಿ ಇದ್ದವರಾಗಿದ್ದರೆ ಆಗಲೇ ಕೂತು ಪೂರ್ತಿ ಓದಿ ಕಳಿಸಿಬಿಡುತ್ತಿದ್ದರು. ನನಗೆ ಬುದ್ಧಿ ಇದೆ, ಆದರೆ ನೋಡುವವರಿಲ್ಲದೆ ಗೆದ್ದು ಏನು ಸುಖ? ಮಾವನಿಗೆ ಫೋನು ಹಚ್ಚಿದೆ.

"ಮಾವ, ಮಳೆ ನಿಲ್ಸಿದೆ."

"ಏನ್ ಮಾಡ್ದೆ?"

"ವೈರ್ ಚೇಂಜು. ನೀನು ಕೊಟ್ಟಿದ್ದು ಡಬ್ಬಾ ವೈರು. ಶುಕ್ರವಾರ ಬಾ, ನಿನ್ ಎದುರಿಗೇ ರೆಕಾರ್ಡ್ ಮಾಡಿ ಕಳಿಸ್ತೀನಿ. ಬರುವಾಗ ಸ್ವೀಟ್ ತಗೊಂಡ್ ಬಾ."

ಶುಕ್ರವಾರ ಮಧ್ಯಾಹ್ನ ಮಾವ ಬಂದ. ಸ್ವೀಟ್ ತಂದಿರಲಿಲ್ಲ, ಮೈಕು ವಾಪಸ್ ಒಯ್ಯಲು ಚೀಲ ತಂದಿದ್ದ. ಆದರೆ ಅಮ್ಮ ಅವನನ್ನು ಹೊಸ್ತಿಲಲ್ಲೇ ತಡೆದಳು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಮನೆಯ ಒಳ್ಳೆಯ ಅರ್ಧ ಹುಳುಗಳದ್ದು, ಉಳಿದರ್ಧದಲ್ಲಿ ನಾವು. ಹುಳು ಇರುವಷ್ಟು ದಿನ ನಮ್ಮಲ್ಲಿ ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಮೆಣಸಿನಕಾಯಿ ಒಗ್ಗರಣೆ ಇಲ್ಲ. ಮಾವನೋ ಸೆಂಟಿನ ಬಾಟಲಿಯಲ್ಲೇ ಸ್ನಾನ ಮಾಡಿ ಬಂದವನಂತೆ ಘಮಘಮ ಎನ್ನುತ್ತಿದ್ದ.

"ನಿಂತ್ಕೊಳೋ ಅಲ್ಲೇ! ಮದುವೆ ಗಂಡಿನ್ ತರ ಸೆಂಟ್ ಬಳ್ಕೊಂಡ್ ಬಂದಿದೀಯ. ನನ್ ಹುಳ ಸತ್ರೆ ನೀನ್ ಗೂಡು ಕಟ್ತೀಯೇನೋ?"

"ಅಕ್ಕಾ, ನಾನು ಈ ಕಡೆ ಕೋಣೇಗೆ..."

"ಯಾವ್ ಕಡೇಗೂ ಇಲ್ಲ. ಶರ್ಟ್ ಬಿಚ್ಚು. ಮುಖ ತೊಳ್ಕೋ."

ಹತ್ತು ನಿಮಿಷದಲ್ಲಿ ಚಿಂತಾಮಣಿಯ ಸೌಂಡ್ ಇಂಜಿನಿಯರು ಅಪ್ಪನ ಲುಂಗಿ ಬನಿಯನ್ನಿನಲ್ಲಿ, ಹುಳುವಿಗೆ ರೋಗ ತಾಗದಿರಲೆಂದು ಹೊಸ್ತಿಲಿಗೆ ಹಾಕಿದ ಸುಣ್ಣದ ಪುಡಿ ತುಳಿದ ಬಿಳಿ ಪಾದಗಳಲ್ಲಿ ನನ್ನ ಸ್ಟುಡಿಯೋ ಪ್ರವೇಶಿಸಿದ. ನಾನು ರಾಜಗಾಂಭೀರ್ಯದಿಂದ ಅವನಿಗೆ ಹೆಡ್‌ಫೋನ್ ತೊಡಿಸಿ, ಗುಂಡಿ ಒತ್ತಿ, ಕೈಕಟ್ಟಿ ನಿಂತೆ.

ಮಾವನ ಮುಖ ನಿಧಾನವಾಗಿ ಅರಳಿತು. ಆ ಅರಳುವಿಕೆ ನನಗೆ ಹಿಡಿಸಲಿಲ್ಲ.

"ಒಳ್ಳೇ ಮಳೆ ಕಣಮ್ಮ," ಎಂದ. "ಕೆರೆ ತುಂಬುತ್ತೆ."

ಹೆಡ್‌ಫೋನ್ ಕಿತ್ತುಕೊಂಡು ಕೇಳಿದೆ. ಮಳೆಯಲ್ಲ, ಪ್ರಳಯ. ಬುಧವಾರಕ್ಕೆ ಮುಂಚೆ ಇದ್ದದ್ದು ಇದರ ಮುಂದೆ ಹನಿ. ಹೊಸ ವೈರು ಕಿತ್ತು ಹಳೆಯದು ಹಾಕಿದೆ, ಹಳೆಯದು ಕಿತ್ತು ಹೊಸದು ಹಾಕಿದೆ. ಮಾವ ಚೀಲದ ಬಾಯಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ನಿಧಾನವಾಗಿ ಮಾಡು, ನನಗೇನ್ ಅವಸರ ಇಲ್ಲ" ಎಂದು ಸಮಾಧಾನ ಬೇರೆ ಹೇಳಿದ.

ಸಿಟ್ಟಿನಲ್ಲಿ ಮೈಕನ್ನು ಕೈಯಲ್ಲಿ ಎತ್ತಿಕೊಂಡೆ. ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಕಿಟಕಿಯ ಕಡೆ ಹಿಡಿದರೆ ಮಳೆ ಕಡಿಮೆ. ಬಾಗಿಲ ಕಡೆ ಕಡಿಮೆ. ನಡುಗೋಡೆಯ ಕಡೆ ತಿರುಗಿಸಿದರೆ ಕಿವಿ ತುಂಬಿತು. ಆ ಗೋಡೆ ಸೂರಿನವರೆಗೆ ಹೋಗಿಲ್ಲ, ಹುಳುವಿಗೆ ಗಾಳಿ ಆಡಲೆಂದು ಮೇಲೆ ಜಾಗ ಬಿಟ್ಟಿದ್ದಾರೆ. ಕುರ್ಚಿ ಹತ್ತಿ ಮೈಕನ್ನು ಆ ಸಂದಿಗೆ ಎತ್ತಿದೆ. ಆ ಕಡೆ ಅಮ್ಮ ತೋಳ್ತುಂಬ ಹಿಪ್ಪುನೇರಳೆ ಸೊಪ್ಪು ತಂದು ತಟ್ಟೆಗಳ ಮೇಲೆ ಹರಡುತ್ತಾ ಹೋಗುತ್ತಿದ್ದಳು. ಅವಳು ಒಂದು ತಟ್ಟೆ ದಾಟಿದಂತೆ ಒಂದು ಮೋಡ ಒಡೆಯುತ್ತಿತ್ತು.

ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು.

ನಾನು ಹುಟ್ಟಿದಾಗಿನಿಂದ ಈ ಸದ್ದಿನ ಪಕ್ಕದಲ್ಲೇ ಮಲಗಿದ್ದೇನೆ, ಓದಿದ್ದೇನೆ, ಹೊಡೆಸಿಕೊಂಡಿದ್ದೇನೆ. ನನ್ನ ಕಿವಿಗೆ ಅದು ಸದ್ದೇ ಅಲ್ಲ. ಬೆಂಗಳೂರಿನವರಿಗೆ ಮಳೆ ಕೇಳಿಸಿತು, ನನಗೆ ಮನೆ ಕೂಡ ಕೇಳಿಸಿರಲಿಲ್ಲ. ಹಾಗಾದರೆ ಬುಧವಾರ?

"ಅಮ್ಮಾ," ಕುರ್ಚಿಯ ಮೇಲಿಂದಲೇ ಕೂಗಿದೆ, "ಬುಧವಾರ ಹುಳ ಏನ್ ಮಾಡ್ತಿತ್ತು?"

"ನಾಲ್ಕನೇ ಜ್ವರಕ್ಕೆ ಕೂತಿತ್ತು. ಯಾಕೆ?"

ಹುಳು ಚರ್ಮ ಕಳಚುವ ಮುಂಚೆ ತಲೆ ಎತ್ತಿ, ಬಾಯಿ ಮುಚ್ಚಿ, ಸೊಪ್ಪು ಮುಟ್ಟದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಬಿಟ್ಟು ಎದ್ದರೆ ಅದಕ್ಕೆ ಮದುವೆ ಊಟಕ್ಕೆ ಬಂದವರ ಹಸಿವು, ಗೂಡು ಕಟ್ಟುವವರೆಗೂ ತಿಂದಿದ್ದೇ ತಿಂದಿದ್ದು. ನಾನು ವೈರು ಬದಲಾಯಿಸಿದ ಗಳಿಗೆಯಲ್ಲೇ ಇಡೀ ಹುಳುಮನೆ ಬಾಯಿ ಮುಚ್ಚಿ ಕೂತಿತ್ತು.

ಮಾವ ನಗಲು ಶುರು ಮಾಡಿದವನು ಬನಿಯನ್ ಒದ್ದೆಯಾಗುವವರೆಗೆ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಸ್ವಲ್ಪ ಮೆತ್ತಗಾಗಿ, "ನಾಳೆ ನನ್ ಜೊತೆ ಅಂಗ್ಡಿಗೆ ಬಾ, ಬಾಗಿಲು ಹಾಕ್ಕೊಂಡು ರೆಕಾರ್ಡ್ ಮಾಡಣ" ಎಂದ. "ಹಂಗೇ ಆ ಎಳೆತಾನೂ ಬಿಡು. ನೀನು ಮಾತಾಡಿದ್ರೆ ಅರ್ಧ ತೆಲುಗು ಕೇಳ್ಸುತ್ತೆ. ಒಂಚೂರು ಬೆಂಗ್ಳೂರ್ ಸ್ಟೈಲಲ್ಲಿ ಓದು, ಪಾಸಾಗ್ತೀಯ."

"ಬರಲ್ಲ. ಇಲ್ಲೇ ಓದ್ತೀನಿ, ಹಿಂಗೇ ಓದ್ತೀನಿ."

"ಇಲ್ಲಿ? ಈ ಪ್ರಳಯದಲ್ಲಿ?"

"ಸೊಪ್ಪು ಖಾಲಿಯಾದ್ಮೇಲೆ ಏನ್ ತಿಂತವೆ ಮಾವ, ನಿನ್ ಲುಂಗೀನಾ?"

ಅದು ನನಗೆ ಆ ಕ್ಷಣಕ್ಕೆ ಹೊಳೆದದ್ದು. ಒಂದು ಸಲ ಹಾಕಿದ ಸೊಪ್ಪು ಮುಗಿದು ಇನ್ನೊಂದು ಸಲ ಹಾಕುವವರೆಗೆ ಬರೀ ಕಡ್ಡಿ ಉಳಿದಿರುತ್ತದೆ. ಆಗ ಹುಳುಗಳೂ ಸುಮ್ಮನೆ ತಲೆ ಆಡಿಸುತ್ತಾ ಬಾಗಿಲ ಕಡೆ ನೋಡುತ್ತವೆ. ಆ ಸಂದು ಚಿಕ್ಕದು. ಅಮ್ಮನನ್ನು ಕೇಳಿದೆ, ನಾಳೆ ಮಧ್ಯಾಹ್ನದ ಸೊಪ್ಪು ಒಂದು ಅರ್ಧ ಗಂಟೆ ತಡವಾಗಿ ಹಾಕುತ್ತೀಯಾ ಎಂದು.

"ನಿನ್ ಕಥೆ ಕೇಳ್ಕೊಂಡು ನನ್ ಹುಳ ಉಪವಾಸ ಇರ್ಬೇಕಾ? ಅರ್ಧ ಗಂಟೆ ಅಲ್ಲ, ಅರ್ಧ ನಿಮಿಷ ಕೊಡಲ್ಲ."

"ಬೇಡ ಬಿಡು. ನೀನು ಬರೋ ಅಷ್ಟರಲ್ಲೇ ಮುಗಿಸ್ತೀನಿ."

"ಮುಗಿಸು. ನಾನು ಬೇಡ ಅಂದ್ನಾ?"

ಶನಿವಾರ ಮಧ್ಯಾಹ್ನ ಇಡ್ಲಿ ಪಾತ್ರೆಯೊಳಗೆ ಕೂತು ಹೆಡ್‌ಫೋನಿನಲ್ಲಿ ಮಳೆ ನಿಲ್ಲುವುದನ್ನೇ ಕಾದೆ. ಮಾವ ರಾತ್ರಿ ಉಳಿದುಕೊಂಡಿದ್ದ. ಸೋಲು ನೋಡುವ ಆಸೆಯೋ, ಶರ್ಟು ಒಣಗಿರಲಿಲ್ಲವೋ, ಅಂತೂ ಇದ್ದ. ಅವನನ್ನು ಬೀದಿ ಬಾಗಿಲಿಗೆ ಕಾವಲು ಹಾಕಿದೆ. ಕೋಳಿ, ನಾಯಿ, ಸೊಪ್ಪು ಮಾರುವವರು, ಪಕ್ಕದ ಮನೆಯ ಮಿಕ್ಸಿ ಎಲ್ಲವೂ ಅವನ ಇಲಾಖೆ. "ಸಾವಿರ ಮದುವೆಗೆ ಸೌಂಡ್ ಕೊಟ್ಟೋನು ನಾನು, ನನ್ನನ್ನ ಕೋಳಿ ಓಡ್ಸೋಕ್ ನಿಲ್ಲಿಸ್ತೀಯಲ್ಲೇ" ಎಂದು ಗೊಣಗುತ್ತಲೇ ಕೈಯಲ್ಲಿ ಕೋಲು ಹಿಡಿದ.

ಮಳೆ ಜಡಿಯಾಯಿತು. ಜಡಿ ತುಂತುರಾಯಿತು. ಕೊನೆಯ ಎಲೆಯ ಕೊನೆಯ ಅಂಚನ್ನು ಯಾವುದೋ ಒಂದು ಹೊಟ್ಟೆಬಾಕ ಹುಳು ಕಚ್ಚುವುದು ಒಂಟಿಯಾಗಿ ಕೇಳಿಸಿತು. ಆಮೇಲೆ ಅದೂ ಇಲ್ಲ. ನಾನು ಓದಲು ಶುರು ಮಾಡಿದೆ.

ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಒಂದು ಕೋಳಿಯೂ ಮಾವನೂ ಒಟ್ಟಿಗೆ ಕೂಗಿದರು. ಕೋಳಿಯೇ ಸ್ವಲ್ಪ ಶ್ರುತಿಯಲ್ಲಿತ್ತು. ನಿಲ್ಲಿಸಿ ಮೊದಲಿನಿಂದ ಶುರು ಮಾಡಿದೆ. ಬೆವರು ಕಣ್ಣಿಗಿಳಿದು ಅಕ್ಷರಗಳು ಈಜುತ್ತಿದ್ದವು. ತಪ್ಪಿದರೆ ಮೂರನೇ ಸಲಕ್ಕೆ ಹೊತ್ತಿಲ್ಲ, ಸಂಜೆಯೊಳಗೆ ಇನ್ನೊಂದು ಸಂದು ಸಿಗುವುದೂ ಇಲ್ಲ. ಎಳೆಯಬೇಕಾದಲ್ಲಿ ಎಳೆದೆ, ಅಮ್ಮ ಮಾತಾಡುವ ಹಾಗೆ, ಅಂಗಡಿಯವರು ಮಾತಾಡುವ ಹಾಗೆ, ಮುರುಗಮಲ್ಲದ ಬಸ್ಸಿನಲ್ಲಿ ಸೀಟಿಗೆ ಜಗಳ ಆಡುವವರು ಮಾತಾಡುವ ಹಾಗೆ. ಕೊನೆಯ ಸಾಲಿಗೆ ಮುಂಚೆ ಉಸಿರೆಳೆದುಕೊಳ್ಳುವಾಗ ಹುಳುಮನೆಯ ಬಾಗಿಲು ಕಿರ್ರೆಂದಿತು. ನಾನು ಪೂರ್ಣವಿರಾಮ ಇಟ್ಟೆ, ಒಂದು ಉಸಿರು ಬಿಟ್ಟೆ, ಗುಂಡಿ ಒತ್ತಿ ನಿಲ್ಲಿಸಿದೆ. ಗೋಡೆಯಾಚೆ ಮೊದಲ ತಟ್ಟೆಯ ಮೇಲೆ ಸೊಪ್ಪು ಬಿತ್ತು.

"ಆಯ್ತೇನೇ ನಿಂದು?" ಅಮ್ಮ ಕೂಗಿದಳು. "ಆಗಿದ್ರೆ ಬಂದು ಕಡ್ಡಿ ತೆಗಿ."

ಕೇಳಿ ನೋಡಿ, ಬಾಗಿಲು ಕಿರ್ರೆಂದ ಚೂರನ್ನು ಕತ್ತರಿಸಿ, ಕಳಿಸಿ, ಹೋಗಿ ಕಡ್ಡಿ ತೆಗೆದೆ.

ಸೋಮವಾರ ಕಂಪನಿಯಿಂದ ಒಬ್ಬ ಮೇಡಂ ಫೋನು ಮಾಡಿದರು. ನಾನು ಸ್ಪೀಕರಿಗೆ ಹಾಕಿ ಜಗಲಿಯ ಮೇಲಿಟ್ಟೆ. ಮೈಕಿನ ತೀರ್ಮಾನ ಆಗುವವರೆಗೂ ಹೋಗುವುದಿಲ್ಲವೆಂದು ಹಟ ಹಿಡಿದ ಮಾವ ಅಂಗಡಿಯ ಹುಡುಗರ ಕೈಲಿ ಫೋನಿನಲ್ಲೇ ಮದುವೆಗಳ ಸೌಂಡು ಮಾಡಿಸುತ್ತಿದ್ದ. ಅವನೂ ಅಮ್ಮನೂ ಆಚೀಚೆ ಕೂತರು.

"ಸೌಂಡ್ ಈಗ ತುಂಬಾ ಕ್ಲೀನಾಗಿದೆ. ಮನೇಲಿ ಸ್ಟುಡಿಯೋ ಇದೆಯಾ ನಿಮ್ಗೆ?"

"ಇದೆ ಮೇಡಂ. ಮನೆ ಅರ್ಧ ಸ್ಟುಡಿಯೋ. ಇನ್ನರ್ಧ ಬಾಡಿಗೆಗೆ ಕೊಟ್ಟಿದೀವಿ. ಅವರು ಊಟ ಮಾಡುವಾಗ ಸ್ವಲ್ಪ ಸದ್ದು ಮಾಡ್ತಾರೆ."

ಮಾವ ಬಾಯಿಗೆ ಟವೆಲ್ ತುರುಕಿಕೊಂಡ.

"ಆದ್ರೆ ಆ ಎಳೆತ ಹಾಗೇ ಇದೆಯಲ್ಲ?"

"ಹೌದು, ಹಾಗೇ ಇಟ್ಟಿದೀನಿ."

"ನೋಡಿ, ಒಂದು ಕಾದಂಬರಿ ಇದೆ. ಅದ್ರಲ್ಲಿ ಮನೆಕೆಲಸದ ಹೆಂಗಸಿನ ಒಂದು ತಮಾಷೆ ಪಾತ್ರ ಇದೆ. ಅದಕ್ಕೆ ನಿಮ್ಮ ದನಿ ಚೆನ್ನಾಗಿ ಹೊಂದುತ್ತೆ. ಅಷ್ಟು ಭಾಗ ಮಾತ್ರ ನೀವು ಓದ್ಬಹುದು."

ಮಾವ ಕಣ್ಣಲ್ಲೇ "ಒಪ್ಕೋ ಒಪ್ಕೋ" ಎಂದ.

"ಕಥೆ ಹೇಳೋಳು ಯಾರು ಮೇಡಂ ಅದ್ರಲ್ಲಿ?"

"ನಾಯಕಿ. ಡಾಕ್ಟರ್ ಅವಳು."

"ನಮ್ಮ ಕಡೆ ಆಸ್ಪತ್ರೆ ಡಾಕ್ಟರಮ್ಮ ಚಿಂತಾಮಣಿಯವರು. ನನ್ನ ತರಾನೇ ಎಳೀತಾರೆ. ಅವರು ಕೊಟ್ಟ ಮಾತ್ರೇಲೂ ಜ್ವರ ಬಿಡುತ್ತೆ ಮೇಡಂ."

ನಾನೇ ಮುಂದುವರಿಸಿದೆ.

"ಮಳೆ ಸದ್ದು ತೆಗೀರಿ ಅಂದ್ರಿ, ಮನೆಯೆಲ್ಲಾ ಜಾಲಾಡಿ ತೆಗ್ದೆ. ಇನ್ನು ಉಳಿದಿರೋದು ನನ್ ದನಿ. ಕೊಟ್ರೆ ಡಾಕ್ಟರಮ್ಮನ್ನ ಕೊಡಿ, ಪೂರ್ತಿ ಪುಸ್ತಕ. ಇಲ್ಲಾಂದ್ರೆ ಬೇಡ."

"ಯೋಚ್ನೆ ಮಾಡಿ ಹೇಳ್ತೀವಿ," ಎಂದು ಮೇಡಂ ಫೋನಿಟ್ಟರು.

ಮಾವ ಟವೆಲ್ ಕೊಡವಿದ. "ಕೈಗೆ ಬಂದಿದ್ದನ್ನ ಒದ್ದೆಯಲ್ಲೇ. ಪಾರ್ಟು ಪಾರ್ಟೇ ತಾನೆ?"

"ಸೌಂಡ್ ಕ್ಲೀನಾಗಿದೆ ಅಂದ್ರು, ಕೇಳ್ಸಿಕೊಂಡ್ಯಾ? ನಿನ್ ಚೀಲ ಮಡ್ಚಿ ಇಟ್ಕೋ ಮಾವ."

"ಲೋ, ನನ್ ಮಗಳು ಸರಿಯಾಗೇ ಹೇಳಿದಾಳೆ," ಎಂದಳು ಅಮ್ಮ, ಸೊಪ್ಪಿನ ಗೋಣಿ ಎತ್ತಿಕೊಳ್ಳುತ್ತಾ. "ನಾವ್ ಮಾತಾಡಿದ್ರೆ ತಮಾಷೆನಾ ಅವರಿಗೆ?"

ಸಂಜೆ ಫೋನಿಗೆ ಆ ಕಾದಂಬರಿಯ ಮೊದಲ ಅಧ್ಯಾಯ ಬಂತು, ಡಾಕ್ಟರಮ್ಮ ಕಥೆ ಹೇಳುವ ಪುಟಗಳು. ಇದನ್ನು ಓದಿ ಕಳಿಸಿ, ಕೇಳಿ ನೋಡೋಣ, ಆದರೆ ಎಳೆತ ಸ್ವಲ್ಪ ಕಡಿಮೆ ಮಾಡಿ ಎಂದು ಕೆಳಗೆ ಬರೆದಿದ್ದರು.

ಮಾರನೆಯ ದಿನ, ಸೊಪ್ಪು ಮುಗಿದು ಹುಳುಗಳು ಬಾಗಿಲ ಕಡೆ ತಲೆ ಎತ್ತಿದ ಹೊತ್ತಿನಲ್ಲಿ, ನಾನು ಎಳೆತವನ್ನು ಸ್ವಲ್ಪ ಜಾಸ್ತಿ ಮಾಡಿ ಓದಿದೆ.